ಅಕ್ಕತಾತನ ದಿಬ್ಬ

ಸಾಕಮ್ಮ ಮೇಡಂ ಮಣ್ಣು ನೆಕ್ಕುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವರ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ಅದೇ. ರಸ್ತೆ ಬದಿಯಲ್ಲಿ ಚರಂಡಿ ತೋಡುತ್ತಿರಲಿ, ಯಾರದೋ ಮನೆಗೆ ಪಾಯ ತೆಗೆಯುತ್ತಿರಲಿ, ಇವರು ಅಲ್ಲಿ ನಿಲ್ಲಲೇಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಕಣ್ಣು ಮುಚ್ಚುವರು. ಸಾರಿಗೆ ಉಪ್ಪು ಸಾಕೋ ಸಾಲದೋ ಎಂದು ನೋಡುವ ಹೆಂಗಸರ ಮುಖ ಹೇಗಿರುತ್ತದೋ ಹಾಗೆಯೇ ಇರುತ್ತಿತ್ತು ಅವರ ಮುಖ. "ಇಲ್ಲಿ ಜನ ಇದ್ರು," ಅನ್ನುವರು. ಇಲ್ಲವೇ, "ಊಹೂಂ, ಇಲ್ಯಾರೂ ಒಲೆ ಹಚ್ಚಿಲ್ಲ," ಎಂದು ಥೂ ಅಂತ ಉಗಿದು ಮುಂದೆ ನಡೆಯುವರು.

ನಾನು ಅವರನ್ನು ಮೊದಲು ಕಂಡಿದ್ದೂ ಇದೇ ಸ್ಥಿತಿಯಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳು. ನಾಗಮಂಗಲದ ಕಡೆಯ ಹೊಣಕೆರೆಯಿಂದ ಹೊರಟು, ಪಾಂಡವಪುರದಲ್ಲಿ ಬಸ್ಸು ಬದಲಿಸಿ, ಚಿನಕುರಳಿಯ ಹೈಸ್ಕೂಲಿಗೆ ಕನ್ನಡ ಪಾಠ ಹೇಳಲು ಬಂದಿದ್ದೆ. ಶಾಲೆಯ ಹಿಂದೆ ಹೊಸ ಕೊಠಡಿಗೆ ಪಾಯ ತೆಗೆಯುತ್ತಿದ್ದರು. ನಲವತ್ತು ದಾಟಿದ ಒಬ್ಬ ಹೆಂಗಸು ಆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣು ಚಪ್ಪರಿಸುತ್ತಿದ್ದರು. ಅಯ್ಯೋ ದೇವರೇ, ಈ ವಯಸ್ಸಿನಲ್ಲಿ ಬಯಕೆಯೇ ಎಂದುಕೊಂಡೆ. ಆ ಮಾತನ್ನು ಆಮೇಲೊಮ್ಮೆ ಅವರಿಗೇ ಹೇಳಿದಾಗ ಅಡುಗೆಮನೆಯಲ್ಲಿ ಮೊರ ಕೈಬಿಟ್ಟು ನಕ್ಕಿದ್ದರು.

ಅವರು ನಮ್ಮ ಶಾಲೆಯ ಇತಿಹಾಸದ ಟೀಚರು. ಊರು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಹತ್ತಿರದ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಸಾಲಾಗಿ ಹೆಣ್ಣು ಹುಟ್ಟಿದ್ದಕ್ಕೆ ಇವರಿಗೆ ಸಾಕಮ್ಮ ಎಂದು ಹೆಸರಿಟ್ಟರಂತೆ. ಆಮೇಲೆ ಹುಟ್ಟಿದವನೇ ತಮ್ಮ ಸಿದ್ದೇಗೌಡ. "ನಾನ್ ಸಾಕು ಅಂದಿದ್ಕೇ ಅವ್ನು ಬಂದಿದ್ದು, ನಂಗೆ ಸಾಲ ಅವ್ನು," ಎಂದು ತಮಾಷೆ ಮಾಡುತ್ತಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಅವರು ಹೇಳಲಿಲ್ಲ, ಬಾಯಿಬಡುಕಿ ಅನ್ನಿಸಿಕೊಂಡ ನಾನೂ ಯಾಕೋ ಕೇಳಲಿಲ್ಲ. ಚಿನಕುರಳಿಯಲ್ಲಿ ಒಂದು ಹೆಂಚಿನ ಮನೆ ಹಿಡಿದಿದ್ದರು. ನಾನು ಬಂದ ವಾರದಲ್ಲೇ, "ಒಬ್ಳೇ ಎಲ್ ಇರ್ತೀಯಮ್ಮಿ, ಬಾ ನಮ್ಮನೆಗೆ," ಎಂದು ನನ್ನ ಟ್ರಂಕನ್ನು ತಾವೇ ಒಂದು ಕಡೆ ಹಿಡಿದು ಎಳೆದುಕೊಂಡು ಹೋದರು.

ಆ ಮನೆಯಲ್ಲಿ ಸಾರಿನ ಪುಡಿ ಹುಡುಕುವುದೇ ಒಂದು ಕಷ್ಟ. ಯಾವ ಡಬ್ಬ ತೆಗೆದರೂ ಒಳಗೆ ಒಡೆದ ಮಡಕೆಯ ಚೂರು. ಕೆಂಪು ಚೂರು, ಕರಿ ಚೂರು, ಅಂಚಿನಲ್ಲಿ ಉಗುರಿನ ಗೀರಿದ್ದ ಚೂರು. ಒಂದು ದಿನ ನಾನು ರೇಗಿಕೊಂಡು, "ಮೇಡಂ, ಹುರಿಗಡಲೆ ಅಂತ ಕೈ ಹಾಕಿದ್ರೆ ಬೋಕಿ ಬರುತ್ತೆ. ಇದೇನು ಮನೆಯೋ ತಿಪ್ಪೆಯೋ?" ಎಂದೆ. ಅವರಿಗೆ ಸ್ವಲ್ಪವೂ ಬೇಜಾರಾಗಲಿಲ್ಲ. ಉಗುರಿನ ಗೀರಿದ್ದ ಚೂರನ್ನು ತೆಗೆದು ನನ್ನ ಹೆಬ್ಬೆರಳನ್ನು ಅದರ ಮೇಲೆ ಒತ್ತಿಸಿದರು. ಉಗುರು ಅದರಲ್ಲಿ ಸರಿಯಾಗಿ ಕೂತುಕೊಂಡಿತು. "ಯಾವಳೋ ಪುಣ್ಯಾತ್‌ಗಿತ್ತಿ ಕಣಮ್ಮಿ. ನಿನ್ನಷ್ಟೇ ದಪ್ಪ ಬೆಳ್ಳು," ಎಂದರು. ಅಂದಿನಿಂದ ನಾನು ಆ ಡಬ್ಬಗಳ ತಂಟೆಗೆ ಹೋಗಲಿಲ್ಲ. ಹುರಿಗಡಲೆಗೆ ಬೇರೆ ಸೀಸೆ ತಂದೆ.

ಮಣ್ಣಿನ ರುಚಿಯ ಲೆಕ್ಕಾಚಾರವನ್ನೂ ಅವರೇ ಹೇಳಿಕೊಟ್ಟರು. ಜನ ಬಹುಕಾಲ ಬಾಳಿದ ಜಾಗದಲ್ಲಿ ಒಲೆಯ ಬೂದಿ, ಕೊಟ್ಟಿಗೆಯ ಗಂಜಲ, ಪಾತ್ರೆ ತೊಳೆದ ನೀರು, ಬಿದ್ದ ಗೋಡೆ ಎಲ್ಲ ಸೇರಿ ಮಣ್ಣು ಬೂದುಬಣ್ಣಕ್ಕೆ ತಿರುಗಿ ಉಪ್ಪುಪ್ಪಾಗುತ್ತದೆ. ಹಳೆಯ ಊರು ಹಾಳಾಗಿ ದಿಬ್ಬವಾದ ಮೇಲೂ ಆ ಉಪ್ಪು ಹೋಗುವುದಿಲ್ಲ. ನಮ್ಮ ಕಡೆಯ ರೈತರಿಗೆ ಇದು ಚೆನ್ನಾಗಿ ಗೊತ್ತು. ಹಾಳೂರ ದಿಬ್ಬದ ಈ ಮಣ್ಣಿಗೆ ಪಾಟಿಮಣ್ಣು ಎನ್ನುತ್ತಾರೆ, ಬೇಸಿಗೆಯಲ್ಲಿ ಅಗೆದು ಗದ್ದೆಗೆ ಗೊಬ್ಬರವಾಗಿ ಹೊಡೆಯುತ್ತಾರೆ. "ಮನುಷ್ರು ಸುಳ್ ಹೇಳ್ಬೋದು. ಶಾಸನ ಬರ್ಸಿದ್ ರಾಜ್ರೂ ಸುಳ್ ಹೇಳವ್ರೆ. ಮಣ್ಣು ಮಾತ್ರ ಹೇಳಲ್ಲ," ಎನ್ನುವುದು ಮೇಡಂ ಮಾತು. ಅದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳಿ ನನ್ನ ತಲೆ ತಿನ್ನುತ್ತಿದ್ದರು.

ಇಷ್ಟೆಲ್ಲ ಮಣ್ಣಿನ ಹುಚ್ಚು ಹತ್ತಿಸಿದ್ದು ಒಂದು ದೂರದ ಊರು. ಮೈಸೂರಿನಲ್ಲಿ ಓದುವಾಗ ಫುಟ್‌ಪಾತಿನಲ್ಲಿ ಒಂದು ಹಳೆಯ ಪುಸ್ತಕ ಕೊಂಡಿದ್ದರು. ರಟ್ಟು ಹರಿದು, ಮೊದಲ ಹಾಳೆಗಳೂ ಹೋಗಿ, ಬರೆದವರು ಯಾರೆಂಬುದೇ ತಿಳಿಯದ ಪುಸ್ತಕ. ಅದರಲ್ಲಿದ್ದದ್ದು ಈಜಿಪ್ಟಿನ ಒಂದು ಹಾಳು ರಾಜಧಾನಿಯ ಚಿತ್ರಗಳು, ನಕ್ಷೆಗಳು. ಹೆಸರು ಅಖೆತಾತೆನ್. ಅಖೆನಾತೆನ್ ಎಂಬ ರಾಜ ಹಳೆಯ ದೇವರನ್ನೆಲ್ಲ ಬದಿಗೆ ತಳ್ಳಿ, ಸೂರ್ಯನೊಬ್ಬನೇ ದೇವರೆಂದು ಸಾರಿ, ಯಾರೂ ವಾಸವಿಲ್ಲದ ಮರಳುಗಾಡಿನಲ್ಲಿ ನೈಲ್ ನದಿಯ ದಡಕ್ಕೆ ಹೊಸ ಊರು ಕಟ್ಟಿದ. ಸುತ್ತಲ ಬಂಡೆಗಳಲ್ಲಿ ಗಡಿಕಲ್ಲು ಕೆತ್ತಿಸಿದ. ಅರಮನೆಯೂ ಹಸಿ ಇಟ್ಟಿಗೆಯದೇ, ಕೂಲಿಯವರ ಮನೆಯೂ ಹಸಿ ಇಟ್ಟಿಗೆಯದೇ. ಅವನು ಸತ್ತ ಸ್ವಲ್ಪ ಕಾಲಕ್ಕೆ ಜನ ಊರು ಬಿಟ್ಟು ಹೊರಟುಹೋದರು. ಆಮೇಲೆ ಬಂದ ರಾಜರು ಅವನ ಹೆಸರನ್ನೇ ಕಲ್ಲುಗಳಿಂದ ಅಳಿಸಿಹಾಕಿದರು.

ಪಠ್ಯಪುಸ್ತಕದಲ್ಲಿ ಈಜಿಪ್ಟಿಗೆ ಸಿಕ್ಕಿದ್ದು ಪಿರಮಿಡ್ಡಿನ ಎರಡು ಪುಟ. ಮೇಡಂ ಅದನ್ನು ಬೇಗ ಮುಗಿಸಿ ಅಖೆತಾತೆನ್‌ಗೆ ಹೊರಟುಬಿಡುವರು. ಮೊದಲ ವಾಕ್ಯ ಪುಸ್ತಕದ ಕನ್ನಡದಲ್ಲಿ ಶುರುವಾಗುತ್ತಿತ್ತು, ಎರಡನೆಯದರಲ್ಲೇ ಸಿಂಧಘಟ್ಟಕ್ಕೆ ಇಳಿಯುತ್ತಿತ್ತು. "ಮಹಾರಾಜನು ನಗರದ ಎಲ್ಲೆಯನ್ನು ಗುರುತಿಸಿದನು. ಅಂಗಂದ್ರೆ ಏನ್ರೋ? ನಿಮ್ಮೊಲಕ್ಕೆ ಸರ್ವೆ ಕಲ್ ನೆಡಲ್ವಾ, ಅಂಗೇ ನೆಟ್ಟ. ಇದ್ ಬುಟ್ಟು ಆಚೆಗೋಗಲ್ಲ ಅಂತ ಆಣೆ ಮಾಡ್ದ." ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಗೋಡೆಯಾಚೆ ವ್ಯಾಕರಣ ಹೇಳುತ್ತಿದ್ದ ನಾನೂ ಎಷ್ಟೋ ಸಲ ಸಂಧಿಯನ್ನು ಅರ್ಧಕ್ಕೆ ಬಿಟ್ಟು ಕಿವಿ ಆ ಕಡೆ ಕೊಟ್ಟಿದ್ದುಂಟು.

ಒಮ್ಮೆ ಉತ್ತರಪತ್ರಿಕೆ ತಿದ್ದುವಾಗ ಸ್ಟಾಫ್ ರೂಮಿನಲ್ಲಿ ದೊಡ್ಡ ನಗೆ ಎದ್ದಿತು. ಇಡೀ ತರಗತಿಯೇ ಒಂದೇ ಉತ್ತರ ಬರೆದಿತ್ತು: "ಈಜಿಪ್ಟಿನ ರಾಜನು ಅಕ್ಕತಾತನ ಊರು ಕಟ್ಟಿಸಿದನು." ಒಬ್ಬಳಂತೂ ಅಕ್ಕನಿಗೊಂದು ಮನೆ, ತಾತನಿಗೊಂದು ಮನೆ ಎಂದು ಚಿತ್ರವನ್ನೂ ಬರೆದಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೇಡಂ ನಗಲಿಲ್ಲ. ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ನಗ್ಬ್ಯಾಡ ಕಣಮ್ಮಿ. ಕಿವಿ ತನಗ್ ಗೊತ್ತಿರೋದನ್ನೇ ಕೇಳುಸ್ಕಳೋದು," ಎಂದು ಅವಳಿಗೆ ಪೂರ್ತಿ ಅಂಕ ಕೊಟ್ಟರು.

ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗಲೂ ಇದೇ ಕತೆ. ಮಕ್ಕಳಿಗೆ ಕೋಟೆ ಹತ್ತುವ, ಹೊಳೆಗೆ ಇಳಿಯುವ ಆತುರ. ಇವರು ಅರಮನೆಯಿದ್ದ ಜಾಗದಲ್ಲಿ, ಬರೀ ತಳಪಾಯದ ಮೇಲೆ ಎಲ್ಲರನ್ನೂ ನಿಲ್ಲಿಸಿಕೊಂಡರು. ಒಬ್ಬ ಹುಡುಗಿ, "ಪಾಪ ಅಲ್ವಾ ಮಿಸ್, ಎಲ್ಲಾ ಬಿದ್ದೋಯ್ತು," ಎಂದಳು. "ಇದುಕ್ಕೆ ಪಾಪ ಅನ್ಬ್ಯಾಡ್ರವ್ವ. ಇದು ಪುಣ್ಯ ಮಾಡಿದ್ ಊರು. ಪುಸ್ತಕ್ದಾಗೆ ಸೇರ್ಕತು. ಬಸ್ ಮಾಡ್ಕಂಡು ನೋಡಕ್ ಬತ್ತೀವಿ. ಎಸ್ರೇ ಇಲ್ದಂಗೆ ಓದ್ವಲ್ಲ ಊರ್ಗಳು, ಅವುಕ್ಕೆ ಅಳೋರ್ ಯಾರವ್ರೆ?" ಹಾಗೆನ್ನುವಾಗ ಅವರ ದನಿ ಒಡೆದಿತ್ತು. ಯಾವ ಊರಿನ ಮಾತು ಆಡುತ್ತಿದ್ದಾರೆಂದು ನನಗೆ ಆಗ ತಿಳಿಯಲಿಲ್ಲ. ಆ ಬೇಸಿಗೆಯಲ್ಲಿ ತಿಳಿಯಿತು.

ರಜೆ ಬಿಟ್ಟ ಕೂಡಲೇ ನನ್ನನ್ನು ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಊರಾಚೆ, ತಮ್ಮ ಸಿದ್ದೇಗೌಡರ ಹೊಲದ ನಡುವೆ, ಎರಡಾಳೆತ್ತರದ ಒಂದು ದಿಬ್ಬ. ಮೇಲೆ ಲಾಂಟಾನದ ಪೊದೆ, ಬೇಲಿಜಾಲಿ. ಹಾಳೂರು ದಿಬ್ಬ ಎಂದು ಕರೆಯುತ್ತಿದ್ದರು. ಯಾವ ಊರು, ಯಾವಾಗ ಹಾಳಾಯಿತು, ಯಾರಿಗೂ ಗೊತ್ತಿಲ್ಲ. ನಮ್ಮ ಅಡುಗೆಮನೆಯ ಬೋಕಿಗಳೆಲ್ಲ ಬಂದಿದ್ದು ಇಲ್ಲಿಂದಲೇ. ಹಿಂದೆಲ್ಲ ಬೇಸಿಗೆಯಲ್ಲಿ ಊರವರು ಗಾಡಿ ಕಟ್ಟಿಕೊಂಡು ಬಂದು, ಸಸಿಮಡಿಗೆ ಬೇಕಾದಷ್ಟು ಪಾಟಿಮಣ್ಣು ಕೆರೆದುಕೊಂಡು ಹೋಗುತ್ತಿದ್ದರಂತೆ. ಹಾಗೆ ಕೆರೆದರೆ ದಿಬ್ಬ ಇನ್ನೂ ಹತ್ತು ತಲೆಮಾರು ಇರುತ್ತಿತ್ತು. ಆದರೆ ಈಗ ಸಿದ್ದೇಗೌಡರು ಟ್ರಾಕ್ಟರು ತಂದಿದ್ದರು, ಬೋರು ಕೊರೆಸಿದ್ದರು. ಆ ಬೇಸಿಗೆಯಲ್ಲೇ ದಿಬ್ಬವನ್ನು ಪೂರಾ ಕಡಿದು, ಮಣ್ಣು ಗದ್ದೆಗೆ ಹೊಡೆದು, ಜಾಗ ಮಟ್ಟಮಾಡಿ ಕಬ್ಬು ಹಾಕುವುದೆಂದು ತೀರ್ಮಾನಿಸಿದ್ದರು.

"ಅಲ್ಲೂವೆ ಇಂಗೇ ಆಯ್ತು ಕಣ್ಲಾ," ಎಂದು ಮೇಡಂ ತಮ್ಮನ ಮುಂದೆ ಕೂತರು. "ಅಖೆತಾತೆನ್ ಮಣ್ಣನ್ನ ಅಲ್ಲಿನ್ ರೈತ್ರು ಒಲಕ್ಕೆ ಗೊಬ್ರಾಂತ ಒಡೀತಿದ್ರು. ಅಂಗ್ ಅಗೀತಿದ್ದ ಒಬ್ಬೆಂಗುಸ್ಗೆ ಅಕ್ಷರ ಇರೋ ಮಣ್ಣಿನ ಬಿಲ್ಲೆ ಸಿಕ್ಕುದ್ವಂತೆ. ರಾಜ್ರು ರಾಜ್ರಿಗೆ ಬರ್ಕಂಡಿದ್ ಕಾಗ್ದ ಅವು. ಗೊತ್ತಾಗಕ್ ಮುಂಚೆ ಅದೆಷ್ಟ್ ಬಿಲ್ಲೆ ಪುಡಿಯಾಗಿ ಒಲ ಸೇರುದ್ವೋ, ದೇವ್ರೇ ಬಲ್ಲ. ನಮ್ದೂ ಅಂಗೇ ಆಗ್ಲಾ?"

ಸಿದ್ದೇಗೌಡರು ಕೆಟ್ಟವರಲ್ಲ. ಅಕ್ಕನೆಂದರೆ ಪ್ರಾಣ. ಆದರೆ ಅವರೂ ಹಟದಲ್ಲಿ ಅಕ್ಕನ ತಮ್ಮನೇ. "ಅಕ್ಕ, ಸತ್ತೋರ್ ಮನೆ ಕಾಯ್ಕಂಡು ಬದ್ಕಿರೋರ್ ಒಲ ಪಾಳ್ ಬುಡಕಾಯ್ತದಾ? ನೀನೇ ಮೈಸೂರಿಂದ ಅಳೇ ಕಲ್ ನೋಡೋ ಸಾಯೇಬ್ರನ್ನೂ ಕರುಸ್ದೆ. ಅವ್ರೇನಂದ್ರು? ಇಂತಾ ದಿಬ್ಬ ಊರೂರ್ಗೂ ಅವೆ ಅಂದ್ರು. ಇನ್ನೇನ್ ಮಾಡ್ಲಿ ಏಳು."  ಮೇಡಂ ಸೆರಗಿನ ತುದಿಯನ್ನು ಸುತ್ತುತ್ತ ಕೂತರು. ಅವರು ಮಾತಿಗೆ ತಡವರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾರನೆಯ ಸಂಜೆ ಊರಿನವರನ್ನೆಲ್ಲ ದಿಬ್ಬದ ಮೇಲೆ ಕರೆದರು. ಏನೋ ಹಂಚುತ್ತಾರೆಂದು ಬಂದವರೂ ಇದ್ದರು. ಮೇಡಂ ಮನಸ್ಸು ಬಿಚ್ಚಿ ಮಾತಾಡಿದರು. ಇದೇ ನಮ್ಮ ಅಖೆತಾತೆನ್ ಎಂದರು. ಇದರೊಳಗೆ ನಮ್ಮ ಹಿರೀಕರ ಒಲೆಗಳಿವೆ, ಕೂಸುಗಳು ಆಡಿದ ಅಂಗಳವಿದೆ ಎಂದರು. ಕೊನೆಗೆ ಬಗ್ಗಿ ಒಂದು ಚಿಟಿಕೆ ಮಣ್ಣು ತೆಗೆದು ಎಲ್ಲರೆದುರೇ ನಾಲಿಗೆಗೆ ಇಟ್ಟುಕೊಂಡು, "ಇದ್ರಲ್ಲಿ ಇನ್ನೂ ನಮ್ಮೋರ್ ಉಪ್ಪದೆ ಕಣ್ರಪ್ಪ," ಎಂದರು.  ಮುಂದೆ ಕೂತಿದ್ದ ದೊಡ್ಡತಾಯಮ್ಮ ಎಂಬ ಮುದುಕಿ, ಕಿವಿ ಸ್ವಲ್ಪ ಮಂದ, ಎರಡೂ ಕೈ ಎತ್ತಿ ದಿಬ್ಬಕ್ಕೆ ಮುಗಿದಳು. ಭಾಷಣ ಹೃದಯಕ್ಕೆ ತಟ್ಟಿದೆ ಎಂದು ನಾವಿಬ್ಬರೂ ಹಿಗ್ಗಿದೆವು.

ಎರಡು ದಿನ ಕಳೆದು ಟ್ರಾಕ್ಟರು ದಿಬ್ಬ ಹತ್ತಿತು. ಹತ್ತಿದ್ದೇ ತಡ, ಟ್ರೇಲರಿನ ಚಕ್ರ ನೆಲದೊಳಗೆ ಧಸಕ್ಕನೆ ಕುಸಿದು, ಡ್ರೈವರು ಕೆಳಗೆ ಬಿದ್ದು ಮೊಣಕೈ ತರಚಿಕೊಂಡ. ಕೆಳಗೊಂದು ಹಗೇವಿತ್ತು, ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲಗುಂಡಿ. ಮೇಡಂ ಅದರ ಬಾಯಿಗೆ ತಲೆ ತೂರಿಸಿ ಗೋಡೆ ಸವರುತ್ತ ಸಂತೋಷಪಡುತ್ತಿದ್ದರೆ, ಹಿಂದಿನಿಂದ ದೊಡ್ಡತಾಯಮ್ಮನ ಕೂಗು ಕೇಳಿತು. "ಅಕ್ಕ ಇಡ್ಕಂಡ್ಲು! ನೋಡ್ರಪ್ಪೋ, ಅಕ್ಕ ಚಕ್ರ ಇಡ್ಕಂಡ್ಲು! ಟೀಚರವ್ವ ಅವತ್ತೇ ಏಳಿಲ್ವಾ, ಅಕ್ಕ ತಾತ ಇದ್ರೊಳ್ಗೇ ಅವ್ರೆ ಅಂತ!"

ಮಕ್ಕಳ ಉತ್ತರಪತ್ರಿಕೆ ನೆನಪಾಗಿ ನನಗೆ ನಗು ತಡೆಯಲಾಗಲಿಲ್ಲ. ಆದರೆ ಊರಲ್ಲಿ ಯಾರೂ ನಗುತ್ತಿರಲಿಲ್ಲ. ಡ್ರೈವರು ಟ್ರಾಕ್ಟರಿನ ಬೀಗದ ಕೈಯನ್ನು ಗೌಡರ ಮುಂದಿಟ್ಟು ಕೈಮುಗಿದ. ಬೇರೆ ಯಾರೂ ಗುದ್ದಲಿ ಹಿಡಿಯಲು ಒಪ್ಪಲಿಲ್ಲ.

ನಾನು ಉಳಿದ ರಜೆಗೆ ಹೊಣಕೆರೆಗೆ ಹೋಗಿ, ಶಾಲೆ ತೆರೆದ ಮೇಲೆ ಮೇಡಂ ಜೊತೆ ಮತ್ತೆ ಅಲ್ಲಿಗೆ ಹೋದಾಗ ದಿಬ್ಬದ ತಲೆಯ ಮೇಲೆ ಎರಡು ಕಲ್ಲು ನಿಂತಿದ್ದವು. ಒಂದಕ್ಕೆ ಹಸಿರು ಬಳೆ, ಕುಂಕುಮ. ಇನ್ನೊಂದಕ್ಕೆ ವಿಭೂತಿ. ಅಕ್ಕ, ತಾತ. ಪೊದೆ ಕಡಿದು ಮೆಟ್ಟಿಲು ಮಾಡಿದ್ದರು. ಹಾಳೂರು ದಿಬ್ಬ ಅಂದರೆ ಈಗ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಕ್ಕತಾತನ ದಿಬ್ಬ ಎನ್ನಬೇಕಿತ್ತು. ನಾನಂತೂ ಕುಣಿದಾಡಿಬಿಟ್ಟೆ. "ಗೆದ್ರಿ ಮೇಡಂ! ಇನ್ನು ನೂರು ವರ್ಷ ಇದನ್ನ ಯಾರೂ ಮುಟ್ಟಲ್ಲ. ನಿಮ್ಮ ಊರು ಉಳೀತು!"

"ಉಳೀತು," ಎಂದರು. ಮುಖದಲ್ಲಿ ಗೆಲುವಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯಾಚೆ ನೋಡುತ್ತ ಹೇಳಿದರು. "ಆ ರಾಜ ಇದ್ನಲ್ಲಮ್ಮಿ, ಒಬ್ಬನೇ ದೇವ್ರು ಅಂತ ಊರಿಗೆಲ್ಲ ಸಾರ್ದ. ಈಗ ಆ ಊರು ಅಗೆದ್ರೆ ಕೂಲಿಯೋರ್ ಮನೆಗಳಲ್ಲಿ ಏನ್ ಸಿಗ್ತವೆ ಗೊತ್ತಾ? ಬೆಳ್ಳುದ್ದ ಕುಳ್ ದೇವ್ರುಗಳು. ಬಸುರಿ ಬಾಣಂತೀರ್ನ ಕಾಯೋ ದೇವ್ರು. ರಾಜ ಏನಾರ ಅಂದ್ಕಳ್ಳಿ, ಎಂಗುಸ್ರು ಸೆರಗ್ನಾಗೆ ಕಟ್ಕಂಡೇ ಇದ್ರು. ಅವ್ರುನ್ನ ನಾನ್ ಬೈಯಲ್ಲ. ಆದ್ರೆ ಈ ದೇವ್ರು ನನ್ ಬಾಯಿಂದ ಉದುರ್ತಲ್ಲ. ಮಣ್ಣು ಸುಳ್ ಹೇಳಲ್ಲ ಅಂತಿದ್ದೆ. ಈಗ ಮಣ್ಣಿನ್ ಕೈಲಿ ಸುಳ್ ಹೇಳುಸ್ತಾ ಇವ್ನಿ."

"ನೀವೇನು ಹೇಳಿಸಿದ್ದು? ಅವರು ಕೇಳಿಸಿಕೊಂಡ್ರು. ಸುಮ್ಮನಿದ್ದುಬಿಡಿ ಮೇಡಂ, ನಿಮಗೇನು ಗಂಟು ಹೋಗೋದು?" ಎಂದೆ. ಅವರು ಸುಮ್ಮನಿದ್ದರು. ಆ ಮಳೆಗಾಲವೆಲ್ಲ ಸುಮ್ಮನಿದ್ದರು. ತರಗತಿಯಲ್ಲಿ ಅಖೆತಾತೆನ್ ಹೆಸರೆತ್ತಲಿಲ್ಲ. ಎಲ್ಲಿ ಪಾಯ ತೆಗೆಯುತ್ತಿದ್ದರೂ ನೆಕ್ಕುವುದಿರಲಿ, ತಿರುಗಿಯೂ ನೋಡಲಿಲ್ಲ. ಅವರು ಸೊರಗಿದ್ದು ನನಗೆ ಕಾಣುತ್ತಿತ್ತು, ಆದರೂ ದಿಬ್ಬ ಉಳಿದಿದ್ದೇ ದೊಡ್ಡದು ಎಂದುಕೊಂಡಿದ್ದೆ.

ಒಂದು ಶನಿವಾರ ಅರ್ಧದಿನದ ಶಾಲೆ ಮುಗಿಸಿ ಅವರ ಊರಿಗೆ ಹೋದೆವು. ಬಸ್ಸಿಳಿದು ದಿಬ್ಬದ ಕಡೆ ನೋಡಿದರೆ ಜನ. ಹತ್ತಿರ ಹೋದರೆ ಕಲ್ಲುಗಳ ಮುಂದೆ ದೊಡ್ಡತಾಯಮ್ಮ ಕೂತಿದ್ದಾಳೆ, ತೊಡೆಯ ಮೇಲೆ ಮೊಮ್ಮಗಳು. ಐದಾರು ವರ್ಷದ ಹುಡುಗಿ, ಜ್ವರದಲ್ಲಿ ಕಣ್ಣು ಮೇಲೆ ಹೋಗಿದೆ, ತುಟಿಯ ಸುತ್ತ ಬೂದುಬಣ್ಣದ ಮಣ್ಣು. ಮುದುಕಿ ಲೋಟದಲ್ಲಿ ದಿಬ್ಬದ ಮಣ್ಣು ಕದಡಿ ಕುಡಿಸುತ್ತಿದ್ದಳು. ವಾರದಿಂದ ಇದೇ ಔಷಧಿಯಂತೆ.

ಮೇಡಂ ಲೋಟ ಕಿತ್ತು ಎಸೆದ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. "ಏನ್ ಮಾಡ್ತಿದ್ದೀಯವ್ವ! ಕೂಸ್ನ ಆಸ್ಪತ್ರೆಗೆ ತಗಂಡೋಗದ್ ಬುಟ್ಟು!"

ದೊಡ್ಡತಾಯಮ್ಮನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು. "ನೀನೇ ನೆಕ್ಕುದ್ದಲ್ಲವ್ವ. ನಮ್ ಕಣ್ಣಾರೆ ನೋಡುದ್ವಲ್ಲ. ಕಲ್ತಿರೋಳು ನೀನೇ ಬಾಯಿಗಾಕಂಡ್ ಮ್ಯಾಲೆ ನಾವ್ ಆಕಬಾರ್ದಾ?"

ಮೇಡಂ ಅಲ್ಲೇ ನಿಂತುಬಿಟ್ಟರು.  ಸಿದ್ದೇಗೌಡರೂ ಅಷ್ಟು ಹೊತ್ತಿಗೆ ಬಂದು ಜನರ ಹಿಂದೆ ನಿಂತಿದ್ದರು. ಅಕ್ಕ ತಾತ ಸುಳ್ಳೆಂಬ ಮಾತು ಹೊರಬಿದ್ದರೆ ದಿಬ್ಬದ ಗತಿಯೇನೆಂದು ಅಲ್ಲಿದ್ದವರಲ್ಲಿ ನಮ್ಮ ಮೂವರಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿಯನ್ನಷ್ಟೇ ಎತ್ತಿಕೊಂಡು ಹೋದರೆ ಸಾಕಲ್ಲ, ಉಳಿದದ್ದು ಯಾಕೆ ಹೇಳಬೇಕು ಎಂದು ನನ್ನ ಮನಸ್ಸು ಚಡಪಡಿಸುತ್ತಿತ್ತು.

"ಕೇಳ್ರಪ್ಪ ಎಲ್ರೂವೆ," ಎಂದರು. "ಇಲ್ಲಿ ಅಕ್ಕನೂ ಇಲ್ಲ, ತಾತನೂ ಇಲ್ಲ. ನಾನ್ ಏಳಿದ್ದು ಬ್ಯಾರೆ ದೇಸದ ಒಂದೂರ್ ಎಸ್ರು. ನಿಮ್ ಕಿವೀಗೆ ಅದು ಅಕ್ಕ ತಾತ ಅಂತ ಬಿತ್ತು. ಗೊತ್ತಿದ್ದೂ ನಾನ್ ತಿದ್ದಲಿಲ್ಲ, ದಿಬ್ಬದ್ ಆಸೆಗೆ. ಇದು ಔಸ್ದಿ ಅಲ್ಲ, ಪಾಟಿಮಣ್ಣು. ಇದ್ರಲ್ಲಿರೋದು ಬೂದಿ, ಗಂಜ್ಲ, ಮಡ್ಕೆ ಚೂರು. ನೆಕ್ಕಿದ್ದು ನನ್ ಉಚ್ಚು."

 ದೊಡ್ಡತಾಯಮ್ಮ ಕಲ್ಲುಗಳ ಕಡೆಗೊಮ್ಮೆ ನೋಡಿ, ಮೊಮ್ಮಗಳನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. "ಅಕ್ಕ ಮುನಿಸ್ಕಂಡ್ರೆ?" ಎಂದಳು.

ಮೇಡಂ ಅವಳ ಮುಂದೆ ಮಂಡಿಯೂರಿದರು. "ಈ ಊರಲ್ಲಿ ಅಕ್ಕ ಅಂತ ಯಾರಾದ್ರೂ ಇದ್ರೆ ಅದು ನಾನೇ ಕಣವ್ವ. ನಾನ್ ಏಳ್ತಾ ಇವ್ನಿ. ಕೊಡು ಕೂಸ್ನ."

ಮುದುಕಿ ಕೊಟ್ಟಳು. ಸಿದ್ದೇಗೌಡರು ಓಡಿಹೋಗಿ ಟ್ರಾಕ್ಟರು ತಂದರು. ಟ್ರೇಲರಿನಲ್ಲಿ ಹುಲ್ಲು ಹರಡಿ, ಮೇಡಂ ಹುಡುಗಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ನಾನು ಮುದುಕಿಯ ಕೈ ಹಿಡಿದುಕೊಂಡು, ಕೆ.ಆರ್. ಪೇಟೆಯ ಆಸ್ಪತ್ರೆ ಸೇರಿದೆವು. ನೀರಿನಿಂದ ಬಂದ ಜ್ವರ, ಇನ್ನು ತಡಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ನಾನು ಮೆಲ್ಲಗೆ, "ಇನ್ನು ದಿಬ್ಬ ಉಳಿಯಲ್ಲ ಅಲ್ವಾ ಮೇಡಂ," ಎಂದೆ.

"ಉಳಿಯಲ್ಲ," ಎಂದರು. "ಕೂಸಿನ್ ಬಾಯಿಗ್ ಮಣ್ಣಾಕಿ ಉಳಿಯೋ ದಿಬ್ಬ ನಂಗ್ ಬ್ಯಾಡ ಕಣಮ್ಮಿ." ಆಮೇಲೆ ಟೀ ಲೋಟ ಹಿಡಿದುಕೊಂಡೇ ಅತ್ತರು. ಬಹಳ ಹೊತ್ತು ಅತ್ತರು. ನಾನು ಬೆನ್ನು ಸವರುತ್ತ ನಿಂತಿದ್ದೆ.

ಹುಡುಗಿ ಹುಷಾರಾಗಿ ಮನೆಗೆ ಬಂದಳು. ಕಲ್ಲುಗಳ ಕುಂಕುಮ ಮಳೆಗೆ ತೊಳೆದುಹೋಯಿತು, ಮತ್ತೆ ಯಾರೂ ಹಚ್ಚಲಿಲ್ಲ. ಮುಂದಿನ ಬೇಸಿಗೆಗೆ ಸಿದ್ದೇಗೌಡರು ಅಕ್ಕನ ಮುಂದೆ ಬಂದು ನಿಂತರು. ತಲೆ ಬಗ್ಗಿಸಿಕೊಂಡೇ ಹೇಳಿದರು. "ಅಕ್ಕ, ನೀನೇ ಏಳ್ಬುಟ್ಟೆ, ಅಲ್ಲೇನಿಲ್ಲ ಅಂತ. ಆಳ್ಗುಳೂ ಒಪ್ಕಂಡವ್ರೆ. ಮಣ್ ಒಡೀತೀನಿ."

"ಏನಿಲ್ಲ ಅಂತ ಎಲ್ ಏಳ್ದೆ? ದೇವ್ರಿಲ್ಲ ಅಂದೆ," ಎಂದು ಮೇಡಂ ಅಷ್ಟರಲ್ಲೂ ತಿದ್ದಿದರು. "ಒಡ್ಕಳಪ್ಪ. ಸಾಕ್ಷಿಗುಡ್ಡೆ ಒಂದು ಬುಡು."

ಕೆರೆ ಹೂಳು ತೆಗೆಯುವವರು ಎಷ್ಟು ಆಳ ಅಗೆದೆವೆಂದು ತೋರಿಸಲು ನಡುವೆ ಒಂದು ಕಂಬದಷ್ಟು ಮಣ್ಣನ್ನು ಮುಟ್ಟದೆ ಬಿಟ್ಟಿರುತ್ತಾರಲ್ಲ, ಅದು ಸಾಕ್ಷಿಗುಡ್ಡೆ. ಅಳತೆ ಮುಗಿದ ಮೇಲೆ ಅದನ್ನೂ ಕೆಡವುತ್ತಾರೆ. ಸಿದ್ದೇಗೌಡರು, "ಎಷ್ಟ್ ದಿನಕ್ಕೆ?" ಎಂದು ಕೇಳಿದರು. ಮೇಡಂ ಉತ್ತರ ಕೊಡದೆ ದಿಬ್ಬ ಹತ್ತಿ, ಹಗೇವಿನ ಪಕ್ಕದಲ್ಲಿ ಹಿಮ್ಮಡಿಯಿಂದ ಒಂದು ಸುತ್ತು ಗೆರೆ ಎಳೆದು ಬಂದರು.

ಆ ಬೇಸಿಗೆಯೆಲ್ಲ ಅವರು ಟ್ರಾಕ್ಟರಿನ ಹಿಂದೆಯೇ ಇದ್ದರು. ಬಿಸಿಲಿಗೆ ತಲೆಯ ಮೇಲೊಂದು ಟವಲು ಹಾಕಿಕೊಂಡು, ಉರುಳಿದ ಮಣ್ಣಿನಲ್ಲಿ ಬೋಕಿ, ಮಣಿ, ಬಳೆಚೂರು ಆರಿಸುತ್ತಿದ್ದರು. ಡ್ರೈವರೇ ಎಷ್ಟೋ ಸಲ ಗಾಡಿ ನಿಲ್ಲಿಸಿ, "ಟೀಚರೇ, ಇಲ್ನೋಡಿ ಇದೇನೋ," ಎಂದು ಕೂಗುವನು. ದಿಬ್ಬ ಕರಗಿತು, ಕಂಬ ಉಳಿಯಿತು. ಶಾಲೆ ತೆರೆದ ಮೇಲೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕಂಬದ ಮೈಯಲ್ಲಿ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು: ಕೆಳಗೆ ಕೆಮ್ಮಣ್ಣು, ಅದರ ಮೇಲೆ ಸಗಣಿ ಸಾರಿಸಿದ ನೆಲ, ಬೂದಿ, ಬಿದ್ದ ಗೋಡೆ, ಮತ್ತೆ ನೆಲ. "ಪುಸ್ತಕ ಮ್ಯಾಲಿಂದ ಓದ್ತೀವಿ. ಇದನ್ನ ಕೆಳಗಿಂದ ಓದ್ಬೇಕು ಕಣ್ರೋ," ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಮತ್ತೆ ಅಖೆತಾತೆನ್ ಬಂತು. ಈ ಸಲ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, ಎಲ್ಲರ ಕೈಲೂ ಹೇಳಿಸಿದರು.

ಆಮೇಲೆ ನನಗೆ ಮದುವೆಯಾಯಿತು, ವರ್ಗವಾಗಿ ನಾಗಮಂಗಲದ ಕಡೆ ಹೋದೆ. ಕೊನೆಯ ಸಲ ಅವರನ್ನು ಕಂಡಿದ್ದು ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ. ಕೂದಲು ಪೂರಾ ನೆರೆತಿತ್ತು, ಹೆಗಲ ಚೀಲ ಮಾತ್ರ ಮೊದಲಿನಷ್ಟೇ ಭಾರ. ನಾವು ಮನೆ ಕಟ್ಟಿಸುತ್ತಿರುವ ಸುದ್ದಿ ಹೇಳಿದೆ. ಅವರ ಕಣ್ಣರಳಿತು. "ಪಾಯ ತೆಗ್ದಾಗ ನೆಕ್ಕಿ ನೋಡುದ್ಯಾ?"

"ಇಲ್ಲ ಮೇಡಂ."

"ಥೂ ನಿನ್ನ," ಎಂದು ನನ್ನ ಕೆನ್ನೆ ಹಿಂಡಿದರು. "ಯಾರ್ ಮನೆ ಮ್ಯಾಲೆ ಮನೆ ಕಟ್ತಾ ಇದ್ದೀಯ ಅಂತ ಗೊತ್ತಾಗ್ಬ್ಯಾಡ್ವಾ?" ಅಷ್ಟರಲ್ಲಿ ನನ್ನ ಬಸ್ಸು ಹೊರಟಿತು.

ಆ ದಶಕ ಮುಗಿಯುವ ಮೊದಲೇ, ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿರುವಾಗಲೇ, ಅವರು ತೀರಿಕೊಂಡರು. ಎದೆನೋವಂತೆ. ಸುದ್ದಿ ನನಗೆ ತಲುಪಿದ್ದು ಕಾರ್ಯವೆಲ್ಲ ಮುಗಿದ ಮೇಲೆ. ತಡೆಯಲಾರದೆ ಅವರ ಊರಿಗೆ ಹೋದೆ. ಸಿದ್ದೇಗೌಡರು ಹೊಲದಲ್ಲಿದ್ದಾರೆ ಎಂದರು ಮನೆಯವರು. ಕಬ್ಬು ಕಡಿದು ಹೊಲ ಬಯಲಾಗಿತ್ತು. ನಡುವೆ ಆ ಮಣ್ಣಿನ ಕಂಬ ಒಂಟಿಯಾಗಿ ನಿಂತಿತ್ತು. ಮಳೆಗೆ ಸ್ವಲ್ಪ ಸವೆದಿತ್ತು, ತಲೆಯ ಮೇಲೆ ಯಾರೋ ತೆಂಗಿನ ಗರಿ ಹೊದಿಸಿದ್ದರು. ಬುಡದ ಸುತ್ತ ಒಂದು ಮಾರು ಜಾಗ ನೇಗಿಲು ಸೋಕದೆ ಉಳಿದಿತ್ತು.

ಸಿದ್ದೇಗೌಡರು ನನ್ನನ್ನು ಕಂಡು ಟವಲಿನಲ್ಲಿ ಮುಖ ಒರೆಸಿಕೊಂಡರು.  ಆಮೇಲೆ ಅವರೇ ಕಂಬದ ಬಳಿ ಕರೆದುಕೊಂಡು ಹೋಗಿ, ಅಕ್ಕನ ಹಾಗೆಯೇ ಕೆಳಗಿನಿಂದ ಶುರುಮಾಡಿ ಬೆರಳಿಟ್ಟು ತೋರಿಸಿದರು. ಇದು ಮೊದಲಿನ ನೆಲ, ಇದು ಬೂದಿ, ಇದು ಗೋಡೆ ಬಿದ್ದದ್ದು.

"ಇನ್ನೂ ಉಳಿಸಿದ್ದೀರಲ್ಲ ಗೌಡರೇ," ಎಂದೆ. "ನೋಡೋಕೆ ಜನ ಬರ್ತಾರಾ?"

"ಬತ್ತಾರೆ. ಓದ್ ವಾರ ದೊಡ್ಡತಾಯವ್ವನ ಮೊಮ್ಮಗ್ಳು ಬಂದಿದ್ಲು, ಕುಂಕುಮದ್ ಬಟ್ಲು ಇಡ್ಕಂಡು. ವಸಿ ಇಕ್ತೀನಿ ಮಾವ ಅಂದ್ಲು." ಗೌಡರು ಕಂಬಕ್ಕೆ ಅಂಗೈ ಒತ್ತಿ, ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು. "ಬ್ಯಾಡ ಕಣವ್ವ, ಅಕ್ಕ ಬೈತಾಳೆ ಅಂದೆ."